ದಾಟಿಸದ ಮಾತು

ಟೇಪಿನ ತುದಿಯ ಒಂದು, ಎರಡು, ಮೂರು ಉಜ್ಜಿ ಹೋಗಿವೆ, ನಾಲ್ಕರಿಂದ ಆಚೆಗಷ್ಟೇ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಮಾತ್ರ ಎಲ್ಲ ಗೊತ್ತು — ತಮ್ಮನ ಎದೆ ಮೂವತ್ತಾರು, ಹೋದ ಸಲ ಮೂವತ್ತೆಂಟೂವರೆ, ಇಳಿದುಹೋಗಿದ್ದಾನೆ, ಅಕ್ಕ ತೀರಿ ಇನ್ನೂ ತಿಂಗಳಾಗಿಲ್ಲ, ಹನ್ನೊಂದು ವರ್ಷ ಅವಳ ಮುಖ ನೋಡದವನು ಈಗ ಊಟ ಬಿಟ್ಟಿದ್ದಾನೆ, ಹಳೇ ಅಂಗಿ ಹಿಡಿದು ಬಂದು ಚಿಕ್ಕದು ಮಾಡ್ಕೊಡು ಅಣ್ಣಾ ಅನ್ನುತ್ತಾನೆ, ಕೈ ಚಾಚೋ, ಇನ್ನೂ, ಉಸಿರು ಬಿಡು, ಪೈಲ್ವಾನನ ಹಾಗೆ ಎದೆ ಉಬ್ಬಿಸಬೇಡ. ಉಸಿರು ಬಿಟ್ಟವನು ಕನ್ನಡಿ ನೋಡಿಕೊಂಡೇ ಕೇಳಿದ, ಅಕ್ಕ ನನ್ ವಿಷ್ಯ ಏನಾದ್ರೂ ಅಂದಿದ್ಲಾ. ನನ್ನ ಬಾಯಲ್ಲಿ ಮೂರು ಗುಂಡುಸೂಜಿ, ತುಟಿ ಬಿಚ್ಚುವಂತಿಲ್ಲ, ಪುಣ್ಯಕ್ಕೆ. ನಾನು ಓದಿದ್ದು ಎರಡನೇ ಕ್ಲಾಸು, ನೆಟ್ಟಗೆ ಬದುಕಲು ನಾನೇ ಹಾಕಿಕೊಂಡ ಕಟ್ಟಳೆ ನಾಲ್ಕೇ — ಉಳಿದ ಬಟ್ಟೆ ಚೂರಾದರೂ ಹಿಂದಕ್ಕೆ ಕೊಡಬೇಕು, ಹೇಳಿದ ದಿನ ತಪ್ಪಬಾರದು, ಹೆಂಗಸರ ಅಳತೆಗೆ ನಿಂತಾಗ ಕಣ್ಣು ಟೇಪು ಬಿಟ್ಟು ಅಲುಗಬಾರದು, ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸಬಾರದು. ಈ ಕೊನೆಯದು ಪೆಟ್ಟು ತಿಂದು ಕಲಿತದ್ದು. ಅಕ್ಕ ನಗುತ್ತಾ ಅಂದಿದ್ದಳು, ನಮ್ ತಮ್ಮ ಅಂಗಿ ಗುಂಡಿ ಇದ್ದ ಹಾಗೆ ಕಣೋ, ಹೆಂಡ್ತಿ ಯಾವ ಕಾಜಕ್ಕೆ ತೂರಿಸ್ತಾಳೋ ಅಲ್ಲಿ ತೂರ್ತಾನೆ — ಹೊಟ್ಟೆ ಹಿಡಿದು ನಕ್ಕಿದ್ದೆ, ಆ ನಗುವನ್ನೇ ಹೊತ್ತುಕೊಂಡು ಹೋಗಿ ಅವನ ಮನೆಯಲ್ಲಿ, ಅವನ ಹೆಂಡತಿ ಬಡಿಸುತ್ತಿದ್ದಾಗ, ಹೇಳಿಬಿಟ್ಟೆ, ಯಾರೂ ನಗಲಿಲ್ಲ, ತಟ್ಟೆ ಸರಿಸಿ ಎದ್ದವನು ಮತ್ತೆ ಅಕ್ಕನ ಹೊಸ್ತಿಲು ತುಳಿಯಲಿಲ್ಲ, ನಾಲಿಗೆ ನನ್ನದು, ಗಾಯ ಅವರಿಬ್ಬರದು. ಅಂದಿನಿಂದ ಬಾಯಿಗೆ ಹೊಲಿಗೆ. ಹೋದ ವರ್ಷ ಅಕ್ಕ ರವಿಕೆ ಸಡಿಲಾಗಿದೆ ಅಂತ ಬಂದು ಆ ಸ್ಟೂಲಿನ ಮೇಲೆ ಕೂತು ಅಂದಳು, ತಮಾಷೆಗೆ ಅಂದಿದ್ದು ಅಂತ ಅವನಿಗೆ ಹೇಳೋ, ಒಂದ್ಸಲ ಬಂದು ಹೋಗ್ಲಿ, ನಾನೇನು ಶಾಶ್ವತ್ವಾಗಿ ಇರ್ತೀನಾ. ನಾನು ಮಾತು ದಾಟ್ಸಲ್ಲ, ನಿಂಗೊತ್ತಲ್ಲಕ್ಕಾ ಅಂದೆ. ಆಹಾ, ದೊಡ್ಡ ಧರ್ಮರಾಯ ಬಿಡು ನೀನು, ಅಂದಳು, ಎದ್ದು ಹೋದಳು, ರವಿಕೆಯನ್ನು ನಾನು ಹೇಳಿದ ದಿನಕ್ಕೇ ಕೊಟ್ಟೆ, ಅದರಲ್ಲಿ ಏನೂ ತಪ್ಪಲಿಲ್ಲ. ಇದು ಕಟ್ಟಳೆಯೋ, ಹೆದರಿಕೆಗೆ ನಾನು ಹಾಕಿಕೊಂಡ ಲೈನಿಂಗು ಬಟ್ಟೆಯೋ, ಯಾರನ್ನು ಕೇಳಲಿ — ಅಣ್ಣಾ, ಕೇಳಿಸ್ತಾ, ಏನಾದ್ರೂ ಅಂದಿದ್ಲಾ. ಏನೂ ಇಲ್ಲ ಕಣೋ ಅಂದರೆ ಸಾಕು, ಕಟ್ಟಳೆಯೂ ಉಳಿಯುತ್ತದೆ, ತಮ್ಮನೂ ಉಳಿಯುತ್ತಾನೆ, ಹೇಳಿದರೆ ಆವತ್ತು ತಟ್ಟೆ ಬಿಟ್ಟು ಎದ್ದ ಹಾಗೆ ಎದ್ದು ಹೋಗುತ್ತಾನೆ, ನನ್ನನ್ನು ಅಣ್ಣ ಅನ್ನುವ ಬಾಯಿ ಲೋಕದಲ್ಲಿ ಇದೊಂದೇ ಉಳಿದಿರುವುದು, ಆಮೇಲೆ ನಾನು, ಈ ಮಿಷನ್ನು, ಅದರ ಟಕಟಕ — ಸೂಜಿ ಒಂದೊಂದೇ ತೆಗೆದಿಟ್ಟೆ, ಅಂದಿದ್ಲು ಕಣೋ, ತಮಾಷೆಗೆ ಅಂದಿದ್ದು, ಒಂದ್ಸಲ ಬಂದು ಹೋಗ್ಲಿ ಅಂತ, ನಾನೇ ನಿಂಗೆ ಹೇಳ್ಲಿಲ್ಲ. ಬೈಯಲಿ, ಕಾಯುತ್ತೇನೆ, ಬೈಯುವುದಿಲ್ಲ, ಬಾಗಿಲ ಕಡೆ ತಿರುಗಲಿ, ತಿರುಗುವುದಿಲ್ಲ, ಅಳತೆ ಆಯ್ತು, ಕೈ ಇಳಿಸೋ ಅನ್ನುತ್ತೇನೆ, ಕೇಳಿಸಿದಂತಿಲ್ಲ, ಕನ್ನಡಿಯಲ್ಲಿ ಎರಡೂ ಕೈ ಯಾರನ್ನೋ ತಬ್ಬಲು ಹೊರಟ ಹಾಗೆ ಚಾಚಿಕೊಂಡೇ ಇವೆ, ನಡುವೆ ಯಾರೂ ಇಲ್ಲ, ಇಳಿಸೋ ತಮ್ಮಾ, ಚಾಚಿದ ಕೈ, ನಡುವೆ ಯಾರೂ ಇಲ್ಲ, ಚಾಚಿದ ಕೈ —