ಮೊಳೆಗೆ ತೂಗಿದ ಮಚ್ಚು

ಹಬೆಯ ಗಾಣಕ್ಕೆ ಮತ್ತೆ ಜೀವ ಬಂದಿದೆ, ಕಾಲಡಿಯ ನೆಲ ಗಡಗಡ ನಡುಗುತ್ತಿದೆ, ಕಬ್ಬಿನ ಹಾಲಿನ ವಾಸನೆ — ಇಲ್ಲ, ಇವತ್ತು ಅದರಲ್ಲಿ ಬೇರೆ ಏನೋ ಬೆರೆತಿದೆ, ಎಷ್ಟು ತೊಳೆದರೂ ಹೋಗಿಲ್ಲ — ಕಾಸಿಲ್ದಾ ಒಂದು ಕಟ್ಟು ಎತ್ತಿ ಉರುಳೆಗಳ ಬಾಯಿಗೆ ಒಡ್ಡಿದಳು, ನಿನ್ನೆ ಇದೇ ಬಾಯಿ ತಮ್ಮ ತೋರಿಬಿಯೊನ ಕೈ ನುಂಗಿತ್ತು, ಇವತ್ತು ಕಬ್ಬು ನುಂಗುತ್ತಿದೆ, ದರಿದ್ರದ್ದಕ್ಕೆ ಎಲ್ಲವೂ ಒಂದೇ, ಗಾಣ ಶುರುವಾದ ದಿನ ಪಾದ್ರಿ ಇದರ ಮೇಲೆ ತೀರ್ಥ ಚಿಮುಕಿಸಿದ್ದರು, ರಾಜಧಾನಿ ಸಾಂತೊ ದೊಮಿಂಗೊದಿಂದ ಬಂದ ಮಂತ್ರಿ ನಮ್ಮ ದೇಶ ಇನ್ನು ಎತ್ತಿನ ಹಿಂದೆ ನಡೆಯುವುದಿಲ್ಲ ಎಂದಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು, ಅದೇ ದಿನ ಗೋಡೆಗೆ ಮೊಳೆ ಹೊಡೆದು ಮಚ್ಚು ತೂಗುಹಾಕಿದರು, ಮೇಲ್ವಿಚಾರಕ ದೋನ್ ಸೆವೆರಿಯಾನೊ ಹೇಳಿದ್ದು ಕಿವಿಯಲ್ಲೇ ಇದೆ, ಯಾರದಾದ್ರೂ ಕೈ ಸಿಕ್ಕಿಕೊಂಡ್ರೆ ಪಕ್ಕದಲ್ಲಿರೋರು ತಕ್ಷಣ ಕಡೀಬೇಕು, ಹಬೆ ನಿಲ್ಲಿಸಿದ್ರೆ ಒಲೆ ಮೇಲಿನ ಪಾಕ ಕೆಡತ್ತೆ.

ಆದರೆ ಅವಳು ಅಪ್ಪನ ಎತ್ತಿನ ಗಾಣದಲ್ಲಿ ಬೆಳೆದವಳು, ಅಲ್ಲಿ ಬೆರಳು ಸಿಕ್ಕರೆ ಲುಸೇರೊ ಹೋ, ಕನೇಲಾ ಹೋ ಅಂದರೆ ಸಾಕು, ಎತ್ತುಗಳು ನಿಂತಲ್ಲೇ ನಿಲ್ಲುತ್ತಿದ್ದವು, ಹೋದರೆ ಒಂದು ಉಗುರು — ನಿನ್ನೆ ತಮ್ಮ ಅರಚಿದಾಗ ಅವಳ ಬಾಯಿಂದ ಹೊರಟದ್ದೂ ಅದೇ, ಲುಸೇರೊ ಹೋ, ಲುಸೇರೊ, ಎಂದೋ ಸತ್ತ ಎತ್ತನ್ನು ಕೂಗುತ್ತ ನಿಂತಳು, ಥೂ, ಕಬ್ಬಿಣಕ್ಕೆ ಕಿವಿ ಎಲ್ಲಿ, ಅಕ್ಕಾ, ಎತ್ತಲ್ಲ ಇದು, ಕಡಿ, ತಮ್ಮ ಎಡಗೈ ಬೆರಳಿಂದ ತೋರಿಸುತ್ತಿದ್ದ, ಮೊದಲು ಮಣಿಕಟ್ಟು, ಇಲ್ಲಿ, ಅವಳು ಮಚ್ಚು ಕಿತ್ತುಕೊಳ್ಳುವಷ್ಟರಲ್ಲಿ ಮೊಣಕೈ, ಇಲ್ಲಿ, ಎಲುಬು ಕಬ್ಬಿನ ಹಾಗೇ ಸಿಡಿಯುತ್ತಿತ್ತು, ದೋನ್ ಸೆವೆರಿಯಾನೊ ಹಬೆ ನಿಲ್ಲಿಸುವ ಚಕ್ರದ ಮೇಲೆ ಕೈಯಿಟ್ಟೇ ನಿಂತಿದ್ದ, ತಿರುಗಿಸಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ ಅಂದಳು, ಮತ್ತೆ ಮಚ್ಚು ಇರೋದು ಯಾತಕ್ಕೆ ಅಂದ, ತಿರುಗಿಸಲಿಲ್ಲ, ಬೆರಳು ಭುಜಕ್ಕೆ ಬಂತು, ಕಡಿದಳು, ಒಂದೇ ಏಟಿಗೆ ಆಗಲಿಲ್ಲ, ಮತ್ತೆ, ಮತ್ತೆ, ಮುಖದ ತುಂಬ ಬಿಸಿ ರಕ್ತ — ಸಂಜೆಯೊಳಗೆ ತಮ್ಮ ತೀರಿಕೊಂಡ, ಮಚ್ಚನ್ನು ತೊಳೆದು ಅದೇ ಮೊಳೆಗೆ ತೂಗುಹಾಕಿದರು.

ಏಯ್, ನಿಂತೇ ನಿದ್ದೆ ಮಾಡ್ತಿದ್ದೀಯೇನೆ, ಉರುಳೆ ಖಾಲಿ ತಿರುಗ್ತಿದೆ, ದೋನ್ ಸೆವೆರಿಯಾನೊ ಪಕ್ಕಕ್ಕೇ ಬಂದು ಬಗ್ಗಿ ಹಾಲಿನ ಬಣ್ಣ ನೋಡುತ್ತಿದ್ದಾನೆ, ಈಗ ತಿಳಿಯಾಯ್ತು ನೋಡು ಅನ್ನುತ್ತಾನೆ, ತಿಳಿಯಾಯ್ತಂತೆ, ಅವನ ಕೊರಳಪಟ್ಟಿ ಬಿಳಿ, ಇಸ್ತ್ರಿ ಮಾಡಿದ್ದು, ಮಚ್ಚು ಅವಳ ಕೈಯಲ್ಲಿದೆ, ಯಾವಾಗ ಬಂತೋ, ಮತ್ತೆ ಆ ಬೆರಳು, ತಮ್ಮನ ಎಡಗೈ ಬೆರಳು, ಮಣಿಕಟ್ಟು ದಾಟಿ, ಮೊಣಕೈ ದಾಟಿ, ಭುಜ ದಾಟಿ, ಆ ಬಿಳಿ ಪಟ್ಟಿಯ ಮೇಲೆ ನಿಂತಿದೆ, ಅಕ್ಕಾ, ಇಲ್ಲಿ