ಅತ್ತೆಯ ತಲೆನೋವು ಇಳಿಸಿದ ಪೆಪ್ಪರ್‌ಮಿಂಟ್

ನನ್ನ ಹೆಸರು ಅಕ್ಷಯಾ. ಊರು ಕಾರ್ಕಳದ ಹತ್ತಿರ, ಈಗ ಇರುವುದು ಮಸ್ಕತ್ತಿನ ಅಲ್ ಹೈಲ್‌ನಲ್ಲಿ. ನನಗೆ ಅನುಮಾನ ಸ್ವಲ್ಪ ಜಾಸ್ತಿ ಎಂದು ನಮ್ಮವರು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾರೆ. ಹೌದು, ಜಾಸ್ತಿಯೇ. ತಾರೀಕು ನೋಡದೆ ನಾನು ಹಾಲು ಕೊಳ್ಳುವವಳಲ್ಲ. ‘ಒಂದು ಕೊಂಡರೆ ಒಂದು ಉಚಿತ’ ಎಂದು ಬರೆದಿದ್ದರೆ ಎರಡನ್ನೂ ವಾಪಸ್ ಇಟ್ಟು ಬರುತ್ತೇನೆ. ಪುಕ್ಕಟೆ ಕೊಡಲಿಕ್ಕೆ ಅಂಗಡಿಯವನೇನು ನನ್ನ ಸೋದರಮಾವನಾ?

ನಮ್ಮವರ ಹೆಸರು ಸುಮಿತ್. ಇಲ್ಲೇ ರೂವಿ ಪೇಟೆಯ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟ್ಸ್ ಕೆಲಸ. ಕಳೆದ ವರ್ಷ ಎದೆನೋವು ಬಂದು ಆಸ್ಪತ್ರೆ ಸೇರಿದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ‘ಸಿಗರೇಟು ಬಿಡದಿದ್ದರೆ ಮುಂದಿನ ಸಲ ನನ್ನ ಕೈಯಲ್ಲೂ ಏನೂ ಇಲ್ಲ’ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಊರಿನಲ್ಲಿ ನನ್ನ ಅತ್ತೆ ವಸಂತಿ, ದೇವಸ್ಥಾನದ ದೇವಿಗೆ ಹರಕೆ ಹೊತ್ತರು. ಮಗ ಆ ಚಟ ಬಿಟ್ಟರೆ ಹೂವಿನ ಪೂಜೆ ಕೊಡುತ್ತೇನೆ ಎಂದರು.

ಬಿಟ್ಟರಪ್ಪ! ಮನೆಗೆ ಬಂದ ಸ್ವಲ್ಪ ದಿನಕ್ಕೇ ‘ಸಿಗರೇಟ್ ಖಲಾಸ್!’ ಎಂದು ಬಾಲ್ಕನಿಯ ಬೂದಿಬಟ್ಟಲನ್ನು ತೆಗೆದು ಕಸಕ್ಕೆ ಎಸೆದರು. ನನಗೆ ಅಳುವೇ ಬಂತು. ಪಾಯಸ ಮಾಡಿ ಬಿಲ್ಡಿಂಗಿನ ಮನೆಮನೆಗೂ ಹಂಚಿದೆ. ಅತ್ತೆ ಹೂವಿನ ಪೂಜೆ ಮಾಡಿಸಿ ಪ್ರಸಾದದ ಫೋಟೋ ಕಳಿಸಿದರು.

ಆದರೆ ಬಿಪಿ ಮಾತ್ರ ಇಳಿಯಲಿಲ್ಲ. ಪ್ರತಿ ಸಲ ಡಾಕ್ಟರು ‘ಸ್ಮೋಕ್ ಮಾಡ್ತೀರಾ?’ ಎಂದು ಕೇಳುತ್ತಿದ್ದರು, ಇವರು ಎದೆ ಉಬ್ಬಿಸಿ ‘ನೋ ಸರ್’ ಎನ್ನುತ್ತಿದ್ದರು. ಸುಳ್ಳಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಉಪ್ಪು ಕಡಿಮೆ ಮಾಡಿ ಎಂದರು. ಕೊನೆಗೆ ತಪ್ಪೆಲ್ಲ ನನ್ನ ಸಾರಿನ ಮೇಲೆ ಬಂತು. ಉಪ್ಪಿಲ್ಲದ ಸಾರು ಉಣ್ಣುವ ಮನುಷ್ಯನ ಎದೆ ಮೆಟ್ಟಿಲು ಹತ್ತುವಾಗ ಯಾಕೆ ಡಬಡಬ ಎನ್ನುತ್ತದೆ? ನನಗೆ ಅನುಮಾನ ಶುರುವಾಯಿತು.

ಕಾರಿನಲ್ಲಿ ನೀರಿನ ಲೋಟ ಇಡುವ ಗುಂಡಿಯಲ್ಲಿ ನೆನೆದ ಬಿಳಿ ಪೊಟ್ಟಣಗಳು ಸಿಕ್ಕವು, ಬೆರಳಿನ ತುದಿಯಷ್ಟು ಚಿಕ್ಕವು. ಇವರ ಮೇಲ್ತುಟಿ ಒಂದು ಬದಿ ಸ್ವಲ್ಪ ಉಬ್ಬಿರುತ್ತಿತ್ತು. ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗುವುದು, ಬಂದರೆ ಪುದೀನದ ಘಮಘಮ.

“ಎಂತ ಮಾರಾಯ್ರೆ ಇದು?” ಎಂದು ಪೊಟ್ಟಣವನ್ನು ಮೂಗಿನ ಮುಂದೆ ಹಿಡಿದೆ.

“ಮೌತ್ ಫ್ರೆಶ್ನರ್. ಫ್ರೆಡ್ಡಿ ಕೊಟ್ಟದ್ದು,” ಎಂದು ಜೇಬಿನಿಂದ ಒಂದು ದುಂಡು ಡಬ್ಬಿ ತೆಗೆದು ತೋರಿಸಿದರು. ಫ್ರೆಡ್ಡಿ ಇವರ ಆಫೀಸಿನವನು, ಕೆಲಸದ ಮೇಲೆ ಆಗಾಗ ಗಡಿಯಾಚೆ ಹೋಗಿ ಬರುವವನು. ಡಬ್ಬಿ ನೀಲಿ ಬಣ್ಣದ್ದು, ಮೇಲೆ ಪುದೀನ ಎಲೆಯ ಚಿತ್ರ.

ಮೂರನೇ ಕ್ಲಾಸಿನ ಮಗಳು ಸಮೀಕ್ಷಾ ಓಡಿ ಬಂದಳು. “ಪಪ್ಪಾ, ಸೋ ಕ್ಯೂಟ್! ಖಾಲಿ ಆದ್ಮೇಲೆ ನಂಗೆ ಬೇಕು, ಇರೇಸರ್ ಇಡ್ಲಿಕ್ಕೆ.”

“ಒಂದು ಪುದೀನಕ್ಕೂ ನಿನ್ನ ಪೊಲೀಸ್ ಎನ್‌ಕ್ವಯರಿಯಾ?” ಎಂದು ಇವರು ನಕ್ಕು, ನಾನು ಓದುವ ಮೊದಲೇ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. ನಾನು ನಗಲಿಲ್ಲ. ಪುದೀನವನ್ನು ಯಾರಾದರೂ ಕದ್ದು ತಿನ್ನುತ್ತಾರಾ?

ಅಷ್ಟರಲ್ಲಿ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಅವರಿಗೆ ಮದುವೆಯಾದಂದಿನಿಂದ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಬೇಕು. ಹೊರಡುವ ಮೊದಲೇ ಮಗ ಫೋನಿನಲ್ಲಿ ಉಪದೇಶ ಮಾಡಿದ್ದರು.

“ಅಮ್ಮಾ, ಇಲ್ಲಿ ಜಗಿಯುವ ಹೊಗೆಸೊಪ್ಪಿಗೆ ನಿಷೇಧ ಉಂಟು, ಏರ್‌ಪೋರ್ಟಲ್ಲಿ ಹಿಡಿದ್ರೆ ಮಾನ ಹೋಗ್ತದೆ. ಬಿಟ್ಟುಬಿಡು. ನಾನು ಸಿಗರೇಟ್ ಬಿಡ್ಲಿಲ್ವಾ?”

ಪಾಪ, ಅತ್ತೆ ಡಬ್ಬಿಯನ್ನು ಊರಿನಲ್ಲೇ ಬಿಟ್ಟು ಬಂದರು. ರೂವಿಯಿಂದ ವೀಳ್ಯದೆಲೆ ತಂದುಕೊಟ್ಟೆವು, ಅಡಿಕೆ ಅವರೇ ತಂದಿದ್ದರು. ಆದರೆ ಹೊಗೆಸೊಪ್ಪಿಲ್ಲದೆ ಅವರು ಅವರಾಗಿ ಇರಲಿಲ್ಲ. ಬೆಳಗಿನಿಂದ ತಲೆನೋವು. ಕೂತಲ್ಲಿ ಕೂರಲಾರರು. ಕುಕ್ಕರ್ ಸೀಟಿ ಹಾಕಿದರೆ “ಇದರ ಬಾಯಿಗೆ ಮಣ್ಣು ಬೀಳ!” ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಚಟ್ನಿಗೆ ಹುಳಿ ಕಡಿಮೆಯಾಯಿತೆಂದು ಒಮ್ಮೆ ಅತ್ತೇಬಿಟ್ಟರು.

ಒಂದು ಮಧ್ಯಾಹ್ನ ನೋಡುತ್ತೇನೆ, ಅತ್ತೆ ಹಾಯಾಗಿ ಕಾಲು ಚಾಚಿ ಕೂತು ತುಳು ಪಾಡ್ದನದ ಹಾಡು ಗುನುಗುತ್ತ ಬಟ್ಟೆ ಮಡಿಸುತ್ತಿದ್ದಾರೆ. ಕುಕ್ಕರ್ ಸೀಟಿ ಹೊಡೆಯಿತು. ತಲೆ ಎತ್ತಲಿಲ್ಲ.

“ಅತ್ತೆ, ತಲೆನೋವು?”

“ಹೋಯ್ತು ಮಾರಾಯ್ತಿ! ಒಗೆಯುವ ಬಟ್ಟೆಯಲ್ಲಿ ಅವನ ಪ್ಯಾಂಟಿನ ಜೇಬಲ್ಲಿ ಪೆಪ್ಪರ್‌ಮಿಂಟಿನ ನೀಲಿ ಡಬ್ಬಿ ಸಿಕ್ಕಿತು. ಚೀಪಿದರೆ ಕರಗುದೇ ಇಲ್ಲ. ಹೊಗೆಸೊಪ್ಪು ಇಡ್ತೇನಲ್ಲ, ಅದೇ ಜಾಗದಲ್ಲಿ ಇಟ್ಕೊಂಡೆ. ಮೊದಲು ತಲೆ ಗಿರ್ರ್ ಅಂತ ತಿರುಗಿತು, ಬಿಕ್ಕಳಿಕೆ ಬಂತು. ಮತ್ತೆ ಎಲ್ಲ ತಣ್ಣಗಾಯ್ತು.” ಮಡಿಸುತ್ತಿದ್ದ ಬಟ್ಟೆ ಬದಿಗಿಟ್ಟು ನನ್ನ ಮುಖ ನೋಡಿದರು. “ಅಕ್ಷಯಾ, ನಾನು ಓದಿದವಳಲ್ಲ. ಆದ್ರೆ ಈ ಗಿರ್ರ್ ನಂಗೆ ಗೊತ್ತುಂಟು. ಇದು ಪೆಪ್ಪರ್‌ಮಿಂಟಿಂದಲ್ಲ.”

ನಾನು ಕೂಡಲೇ ಕೆಳಗಿನ ಮಹಡಿಯ ನಝೀರಾಳಿಗೆ ಫೋನ್ ಮಾಡಿದೆ. ಅವಳು ನಮ್ಮ ಮಂಗಳೂರು ಕಡೆಯ ಬ್ಯಾರಿ ಹುಡುಗಿ, ಇಲ್ಲಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಸಂಜೆ ಡ್ಯೂಟಿ ಮುಗಿಸಿ ಬಿಪಿ ಮೆಷಿನ್ ಹಿಡಿದುಕೊಂಡೇ ಬಂದಳು. ಮೊದಲು ಅತ್ತೆಯ ಬಿಪಿ ನೋಡಿ, “ಅಮ್ಮಾ, ಗೊತ್ತಿಲ್ಲದ್ದನ್ನು ಹೀಗೆಲ್ಲ ಬಾಯಿಗೆ ಹಾಕುದಾ?” ಎಂದು ಚೆನ್ನಾಗಿ ಬೈದಳು. ನಮ್ಮವರು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ನಾನು ಡಬ್ಬಿಯನ್ನು ಟೀಪಾಯಿಯ ಮೇಲೆ ಇಟ್ಟೆ.

“ಇದರಲ್ಲಿ ಎಂತ ಉಂಟು, ನಿಜ ಹೇಳಿ.”

ಇವರ ಮುಖ ಕೆಂಪಾಯಿತು. “ನಿಕೊಟಿನ್. ಅದಕ್ಕೆಂತ ಈಗ? ತಂಬಾಕಿನ ಎಲೆ ಇಲ್ಲ, ಹೊಗೆ ಇಲ್ಲ. ಇದು ಇದ್ದ ಕಾರಣ ನಾನು ಸಿಗರೇಟ್ ಬಿಟ್ಟದ್ದು. ಕಂಪೆನಿಯವರೇ ಹೇಳ್ತಾರೆ, ಇದು ಹೊಸ ಕಾಲದ್ದು ಅಂತ.”

“ಯಾವ ಕಂಪೆನಿ, ಸುಮಿತಣ್ಣ?” ನಝೀರಾ ಕೇಳಿದಳು.

ಇವರು ಬಗ್ಗಿ ಶೂ ಬಿಚ್ಚತೊಡಗಿದರು. ನಝೀರಾಳೇ ಹೇಳಿದಳು:

“ಇಂಥದ್ದನ್ನು ಮಾರುವವರಲ್ಲಿ ಸಿಗರೇಟಿನ ದೊಡ್ಡ ಕಂಪೆನಿಗಳೇ ಮುಂದೆ ಇರುದು. ಸೇದುದು ಕೆಟ್ಟದ್ದು ಅಂತ ಜನರಿಗೆ ಗೊತ್ತಾಯ್ತು, ಎಷ್ಟೋ ಕಡೆ ಸೇದುವವರು ಕಡಿಮೆ ಆದ್ರು. ಹಾಗಂತ ಅವರು ಅಂಗಡಿ ಮುಚ್ಚಿ ಮನೆಗೆ ಹೋಗ್ತಾರಾ? ಬಾಯಲ್ಲಿಡುವ ಪೊಟ್ಟಣ ತಂದ್ರು, ಬಿಸಿ ಮಾಡಿ ಎಳೆಯುವ ಕಡ್ಡಿ ತಂದ್ರು, ಆವಿ ಬಿಡುವ ವೇಪ್ ತಂದ್ರು. ವೇಪ್ ಮಾರುದಕ್ಕೆ ಇಲ್ಲಿ ಅವಕಾಶ ಇಲ್ಲ, ಆದ್ರೂ ಕದ್ದು ಬರ್ತದೆ. ಹೊರಗಿನ ವೇಷ ಬೇರೆ ಬೇರೆ, ಒಳಗೆ ಹಿಡಿದು ಇಟ್ಕೊಳ್ಳುದು ಅದೇ ನಿಕೊಟಿನ್.”

“ಮಗುವನ್ನು ಚಿವುಟುದೂ ಅವರೇ, ತೊಟ್ಟಿಲು ತೂಗುದೂ ಅವರೇ,” ಎಂದರು ಅತ್ತೆ.

“ಆದ್ರೆ ಹೊಗೆಗಿಂತ ಒಳ್ಳೆದಲ್ವಾ?” ಇವರು ಬಿಡಲಿಲ್ಲ.

“ಹೊಗೆ ಇಲ್ಲದ್ದು ಒಳ್ಳೆದೇ. ಸಿಗರೇಟ್ ಬಿಟ್ಟದ್ದು ದೊಡ್ಡ ಕೆಲಸ, ನಾನು ಇಲ್ಲ ಅನ್ನುದಿಲ್ಲ. ಆದ್ರೆ ಅಪಾಯ ಕಡಿಮೆ ಅಂದ್ರೆ ಅಪಾಯವೇ ಇಲ್ಲ ಅಂತಲ್ಲ. ನಿಕೊಟಿನ್ ಎದೆಬಡಿತ ಏರಿಸ್ತದೆ, ಬಿಪಿ ಏರಿಸ್ತದೆ. ನಿಮ್ಮದು ಸ್ಟೆಂಟ್ ಹಾಕಿದ ಹೃದಯ. ಡಾಕ್ಟರಿಗೆ ಹೇಳಿದ್ದೀರಾ?”

“ಅವರು ಸ್ಮೋಕ್ ಮಾಡ್ತೀರಾ ಅಂತ ಕೇಳುದು. ಇದನ್ನು ಕೇಳ್ಲಿಲ್ಲ.”

ಮಾತ್ರೆ ಹೆಚ್ಚಿಸಿದ್ದು, ಉಪ್ಪಿಲ್ಲದ ಸಾರು, ನನ್ನ ಮೇಲಿನ ಬೈಗುಳ ಎಲ್ಲ ಒಟ್ಟಿಗೆ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು.

“ಡಾಕ್ಟರೇ ಕೆಲವರಿಗೆ ನಿಕೊಟಿನ್ ಗಮ್ ಕೊಡ್ತಾರಲ್ಲ?” ಇವರ ಕೊನೆಯ ಅಸ್ತ್ರ.

“ಕೊಡ್ತಾರೆ. ದೇಹ ನೋಡಿ, ಅಳತೆ ಹೇಳಿ, ಕಡಿಮೆ ಮಾಡ್ತಾ ನಿಲ್ಲಿಸ್ಲಿಕ್ಕೆ. ನಿಮ್ಮ ಡಬ್ಬಿ ಖಾಲಿಯಾದ್ರೆ ಫ್ರೆಡ್ಡಿ ನಿಲ್ಲಿಸು ಅಂತಾನಾ, ಇನ್ನೊಂದು ಕೊಡ್ತಾನಾ?”

“ನಂಗೆ ಬೇಕಾದಾಗ ಬಿಡ್ತೇನೆ. ಇದೆಂತ ದೊಡ್ಡದು!”

ಅತ್ತೆ ಸೆರಗು ಸರಿ ಮಾಡಿಕೊಂಡು ಎದ್ದರು. “ಸರಿ ಮಗಾ. ನಾಳೆ ಶುಕ್ರವಾರ, ನಿಂಗೆ ರಜೆ. ಡಬ್ಬಿ ಇಲ್ಲೇ ಇರ್ಲಿ. ಸಂಜೆವರೆಗೆ ನೀನೂ ಮುಟ್ಟಬಾರದು, ನಾನೂ ಮುಟ್ಟುದಿಲ್ಲ. ಬೇಡ ಅಂದ್ರೆ ಬಿಡುವಂಥದ್ದಾದ್ರೆ ಅದು ಪೆಪ್ಪರ್‌ಮಿಂಟೇ, ನಾನು ಒಪ್ಪುತ್ತೇನೆ.”

“ಯಲ್ಲಾ! ಆಗ್ಲಿ,” ಎಂದು ಇವರು ಇಲ್ಲಿನ ಅರಬಿ ಸೇರಿಸಿ ಒಪ್ಪಿದರು.

ಶುಕ್ರವಾರ ಬೆಳಿಗ್ಗೆ ಚಹಾದವರೆಗೆ ಎಲ್ಲ ಸರಿ ಇತ್ತು. ಆಮೇಲೆ ಪೇಪರ್ ತೆರೆದು ಮಡಿಸಿದರು, ಮತ್ತೆ ತೆರೆದರು. ಎಸಿ ಹಾಕಿದರೆ ಚಳಿ, ಆರಿಸಿದರೆ ಸೆಕೆ. ಸಮೀಕ್ಷಾ ಮಗ್ಗಿ ಹೇಳಿದರೆ “ಮನಸ್ಸಲ್ಲಿ ಹೇಳು!” ಎಂದು ಗದರಿದರು. ನೆತ್ತಿ ಒತ್ತಿಕೊಂಡು ಕೂತರು. ಕುಕ್ಕರ್ ಸೀಟಿ ಹೊಡೆಯಿತು ನೋಡಿ.

“ಆ ದರಿದ್ರದ್ದನ್ನು ಒಮ್ಮೆ ಬಂದ್ ಮಾಡ್ತೀಯಾ!” ಎಂದು ಕಿವಿ ಮುಚ್ಚಿಕೊಂಡು ಕಿರುಚಿದರು.

ಅತ್ತೆ ತಮ್ಮ ತಲೆಗೆ ಕಟ್ಟಿಕೊಂಡಿದ್ದ ಒದ್ದೆ ಬಟ್ಟೆಯನ್ನು ಬಿಚ್ಚುತ್ತ ಮಗನನ್ನು ನೋಡಿದರು. “ಇದು ನನ್ನ ಬೊಬ್ಬೆ ಮಗಾ. ನಿನ್ನ ಬಾಯಿಗೆ ಹೇಗೆ ಬಂತು?”

ಇವರು ಎದ್ದು ಕಾರಿನ ಕೀ ತೆಗೆದುಕೊಂಡರು. “ಹಾಲು ತರ್ತೇನೆ.”

ನಾನು ಫ್ರಿಜ್ಜಿನ ಬಾಗಿಲು ತೆರೆದು ಹಿಡಿದೆ. ಹಾಲಿನ ದೊಡ್ಡ ಕ್ಯಾನ್ ತುಂಬಿತ್ತು. ಇವರು ಅಲ್ಲೇ ನಿಂತರು. ಹೊರಟದ್ದು ಫ್ರೆಡ್ಡಿಯ ಮನೆಗೆ ಎಂದು ನನಗೂ ಗೊತ್ತು, ಅತ್ತೆಗೂ ಗೊತ್ತು.

ಅತ್ತೆ ಬೈಯಲಿಲ್ಲ. ಹತ್ತಿರ ಹೋಗಿ ಮಗನ ಕೈ ಹಿಡಿದುಕೊಂಡರು. “ನಿಂಗೆ ಎಷ್ಟು ಕಷ್ಟ ಆಗ್ತಾ ಉಂಟು ಅಂತ ಈ ಮನೇಲಿ ಗೊತ್ತಿರುದು ನಂಗೆ ಮಾತ್ರ. ಆದ್ರೆ ಮಗಾ, ನಾನು ಹೂವಿನ ಪೂಜೆ ಕೊಟ್ಟು ಬಂದೆ. ನನ್ನ ಮಗ ಬಿಟ್ಟ ತಾಯೇ ಅಂತ ದೇವಿಯ ಮುಂದೆ ನಿಂತು ಕೈ ಮುಗಿದು ಹೇಳಿದೆ. ಅವಳ ಹತ್ರ ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ!”

ನಮ್ಮವರು ಗೋಡೆಗೆ ಒರಗಿ ಕೂತುಬಿಟ್ಟರು. ಆಸ್ಪತ್ರೆಯಲ್ಲೂ ಅಳದ ಮನುಷ್ಯ ಅಂದು ಅತ್ತರು. “ಬಿಟ್ಟೆ ಅಂತಲೇ ನಾನೂ ಅಂದುಕೊಂಡಿದ್ದೆ ಅಮ್ಮಾ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಡಬ್ಬಿಯೇ ಹುಡುಕುದು. ನಂಗೇ ಹೆದರಿಕೆ ಆಗ್ತದೆ.”

“ಹಾಗಾದ್ರೆ ಇಬ್ಬರೂ ಸೇರಿ ಬಿಡುವ. ನಾನು ಇಷ್ಟು ವರ್ಷದ್ದು ಬಿಡುದಾದ್ರೆ ನಿಂಗೆಂತ ಧಾಡಿ?”

ಎಂದವರೇ ಊರಿಗೆ ಫೋನ್ ಹಚ್ಚಿದರು. ಮನೆ ನೋಡಿಕೊಳ್ಳುವ ತುಕ್ರನಿಗೆ, ಅಟ್ಟದ ಮೇಲಿನ ಹೊಗೆಸೊಪ್ಪು ತೆಗೆದು ಬಿಸಾಡಲು ಹೇಳಿದರು.

“ಅದು ಎಲ್ಲಿ ಉಂಟು ವಸಂತಕ್ಕ? ನೀವು ಹೋದ ವಾರವೇ ನಾನು ತಿಂದು ಮುಗಿಸಿದೆ,” ಎಂದ ತುಕ್ರ.

“ಹಾಗಾದ್ರೆ ನೀನೂ ಬಿಡು ಮಾರಾಯ!” ಎಂದು ಅತ್ತೆ ಫೋನ್ ಇಟ್ಟರು. ಅಳುತ್ತಿದ್ದ ಇವರೂ ನಕ್ಕರು.

ಆ ವಾರವೇ ನಾವು ಮೂವರೂ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಎಂದಿನಂತೆ ಸ್ಮೋಕ್ ಮಾಡುತ್ತೀರಾ ಎಂದು ಕೇಳಿದರು. ನಮ್ಮವರು ನನ್ನನ್ನೊಮ್ಮೆ ನೋಡಿ ಹೇಳಿದರು: “ಇಲ್ಲ ಸರ್. ಆದ್ರೆ ನಿಕೊಟಿನ್ ಬಿಟ್ಟಿಲ್ಲ.” ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು, ಬಿಡುವ ದಾರಿ ಹೇಳಿದರು. ಅತ್ತೆಯನ್ನೂ ಪರೀಕ್ಷಿಸಿದರು.

ಒಂದೇ ದಿನದಲ್ಲಿ ಎಲ್ಲ ಸರಿಯಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇವರು ನಡುವೆ ಒಮ್ಮೆ ಜಾರಿದರು, ತಾವೇ ಬಂದು ಹೇಳಿದರು, ಮತ್ತೆ ಶುರು ಮಾಡಿದರು. ಕುಕ್ಕರ್ ಸೀಟಿ ಹೊಡೆದಾಗ ತಾಯಿ ಮಗ ಮುಖ ಮುಖ ನೋಡಿಕೊಂಡು ಹಲ್ಲು ಕಚ್ಚುತ್ತಿದ್ದರು. ಈಗ ಇವರ ಬಿಪಿ ಇಳಿಯತೊಡಗಿದೆ, ಮೆಟ್ಟಿಲು ಹತ್ತುವಾಗ ಮಾತಾಡುತ್ತಲೇ ಹತ್ತುತ್ತಾರೆ. ಸಾರಿಗೆ ಉಪ್ಪು ಮಾತ್ರ ಇನ್ನೂ ಕಡಿಮೆಯೇ, ಅದಕ್ಕೆ ಡಾಕ್ಟರು ಒಪ್ಪಲಿಲ್ಲ. ನೀಲಿ ಡಬ್ಬಿಯನ್ನು ಸಮೀಕ್ಷಾಳಿಗೆ ಕೊಡಲಿಲ್ಲ. ಆ ಎಲೆಯ ಚಿತ್ರ ಅವಳ ಕಂಪಾಸ್ ಪೆಟ್ಟಿಗೆಯೊಳಗೆ ಕೂರುವುದು ನನಗೆ ಬೇಡ.

ಅಕ್ಕಂದಿರೇ, ಅಣ್ಣಂದಿರೇ, ಹೊಗೆ ಇಲ್ಲ, ವಾಸನೆ ಇಲ್ಲ, ಹೊಸದು ಎಂದು ಯಾರಾದರೂ ಚಂದದ ಡಬ್ಬಿ ಕೊಟ್ಟರೆ ಒಳಗೆ ನಿಕೊಟಿನ್ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಮುಟ್ಟಬೇಡಿ. ಈಗಾಗಲೇ ಹಿಡಿದುಕೊಂಡಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ ಹೇಳಿ. ಮಕ್ಕಳ ಕೈಗೆ ಸಿಗುವಲ್ಲಿ ಇಂಥದ್ದನ್ನು ಇಡಲೇಬೇಡಿ. ಒಂದು ಪೊಟ್ಟಣ ನುಂಗಿದರೂ ಸಣ್ಣ ಮಕ್ಕಳಿಗೆ ಅದು ವಿಷ.

ಮತ್ತೆ, ನನ್ನ ಹಾಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ, ಖರ್ಚೇನೂ ಇಲ್ಲ. ನಿಮ್ಮ ಮನೆಯಲ್ಲೂ ಯಾರೋ ಸಿಗರೇಟು ಬಿಟ್ಟಿರಬಹುದು, ನೀವೂ ಪಾಯಸ ಹಂಚಿರಬಹುದು. ಇವತ್ತು ಸಂಜೆ ಅವರು ಮನೆಗೆ ಬಂದಾಗ ಹತ್ತಿರ ಕೂತು, ಪ್ರೀತಿಯಿಂದಲೇ ಒಮ್ಮೆ ಕೇಳಿ: “ಬಾಯಲ್ಲಿ ಎಂತ ಉಂಟು, ತೋರ್ಸಿ?”