ಹಂಡೆಯ ತಳ

ಸುಂಯ್ ಅಂತು, ಇಲ್ಲ, ಅನ್ನಲಿಲ್ಲ, ಅಂತು — ಹಂಡೆಯ ನೀರು ಕಾಯುತ್ತ ಹಾಡುವ ಸದ್ದೋ, ತಳದಿಂದ ಹನಿ ಜಾರಿ ಕೆಂಡಕ್ಕೆ ಬಿದ್ದ ಸದ್ದೋ, ಯಶೋದಮ್ಮ ಬಚ್ಚಲಮನೆಯ ಒಲೆ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾಳೆ, ಒಂದೇ ಒಂದು ಹನಿ ಬಿದ್ದರೂ ಮುಗಿಯಿತು, ಗಂಡ ಹೇಳಿಯಾಗಿದೆ, ನೋಡು ಯಶೋದಾ, ಹಬ್ಬದ ನೀರು ಕಾಯ್ಸೋವಾಗ ಅದು ಸೋರ್ತು ಅಂದ್ರೆ ಮಾರ್ನೆ ದಿನ್ವೇ ಹಳೇ ತಾಮ್ರಕ್ಕೆ ಹಾಕ್ಬುಟ್ಟು ಗೀಸರು ತಂದ್ಬುಡ್ತೀನಿ, ಆಮೇಲೆ ನನ್ನ ಕೇಳ್ಬ್ಯಾಡ — ಕೇಳಬೇಡವಂತೆ, ಈ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳನ್ನು ಯಾರು ಏನು ಕೇಳಿದ್ದಾರೆ, ಗ್ಯಾಸಿನ ಒಲೆ ಬಂತು, ಮಿಕ್ಸಿ ಬಂತು, ಹೋದ ವರ್ಷ ತೊಂಬತ್ತೈದರಲ್ಲಿ ಬಣ್ಣದ ಟೀವಿ ಬಂತು, ಎಲ್ಲ ಬಂದು ಕೂತ ಮೇಲೆ ಅವಳಿಗೆ ಗೊತ್ತಾದದ್ದು, ಈ ಹಂಡೆ ವಿಚಾರಕ್ಕೆ ಮಾತ್ರ, ಮೊದಲ ಸಲ, ಬಾಯಿಬಿಟ್ಟು ಬೇಡ ಅಂದಿದ್ದಳು, ರಿಪೇರಿ ಮಾಡಿಸೋಣ ಅಂದಿದ್ದಳು.

ಕಬ್ಬಿನ ತರಗು ಇನ್ನೊಂದು ಹಿಡಿ ತುರುಕಿದಳು, ಭಗ್ಗೆಂದಿತು, ಬೆಚ್ಚಗಾಯಿತು, ಯಾರೂ ಕೂಗದ ಜಾಗ ಅಂತ ಈ ಮನೆಯಲ್ಲಿ ಅವಳಿಗಿರುವುದು ಇದೊಂದೇ, ಗೀಸರು ಬಂದರೆ ಇದೂ ಹೋಯಿತು — ಅಲ್ಲ, ಸೋರುವಂತೆ ಮಾಡಿದವರು ಯಾರು, ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಹಂಡೆಯ ಹೊರಮೈ ತಿಕ್ಕುವುದು, ಕೊರಳಿಗೆ ಸುಣ್ಣದ ಪಟ್ಟೆ ಎಳೆಯುವುದು, ಇಷ್ಟೇ ತಾನೇ ಲೋಕದಲ್ಲೆಲ್ಲ, ಇವರಿಗೆ ಈ ಸಲ ಎಂಟು ದಿನ ಮೊದಲೇ ಭಕ್ತಿ ಉಕ್ಕಿತು, ಶುದ್ಧ ಅನ್ನೋದು ಒಳಗ್ಲಿಂದ ಇರ್ಬೇಕು ಕಣೇ, ಅಂತ ಉಳಿ ಸುತ್ತಿಗೆ ಹಿಡಿದು ಒಳಗೆ ಕಟ್ಟಿದ್ದ ಬೋರ್ ನೀರಿನ ಬಿಳಿ ಹಕ್ಕಳೆಯನ್ನೆಲ್ಲ ಟಕಟಕ ಕೆತ್ತಿ ಒಗೆದರು, ಸಂಜೆ ನೀರು ಕಾಯಲಿಟ್ಟರೆ ತಳ ಸೋರಿ ಒಲೆಯೇ ನಂದಿಹೋಯಿತು, ನೋಡ್ದಾ, ಮುದಿ ಹಂಡೆ, ಅದ್ರ ಕಾಲ ಮುಗೀತು! ಅಯ್ಯೋ ನನ್ನಪ್ಪ, ಆಗಲೇ ಅವಳು ಬೇಡ, ರಿಪೇರಿ ಮಾಡಿಸೋಣ ಅಂದದ್ದು, ಮಾರನೆಯ ದಿನ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಪಾಂಡವಪುರದಿಂದ ಶ್ರೀರಂಗಪಟ್ಟಣದ ಬಸ್ಸು ಹತ್ತಿದಳು, ಇದೇನಮ್ಮ ಇದ್ಕೂ ಟಿಕೀಟಾ, ಕಂಡಕ್ಟರು ನಕ್ಕ, ಬಸ್ಸೆಲ್ಲ ನಕ್ಕಿತು, ನಗಲಿ — ಕಲಾಯಿ ಹಾಕುವ ಅಮೀರ್ ಸಾಬರು ಹಂಡೆಯನ್ನು ಬಿಸಿಲಿಗೆ ಎತ್ತಿಹಿಡಿದು ಒಂದು ಕಣ್ಣು ಮುಚ್ಚಿದರು, ಅಮ್ಮಾ, ಮಾರ್ತೀನಿ ಅಂದ್ರೆ ನಂಗೇ ಲಾಭ, ಆದ್ರೂ ಮಾರ್ಬೇಡಿ, ತಾಮ್ರ ಇನ್ನೂ ಗಟ್ಟಿ ಅದೆ, ಬೆಸುಗೆ ಸಂದೀಲಿ ಸೂಜಿಮೊನೆಯಷ್ಟು ತೂತು, ಯಾವ ಕಾಲದ್ದೋ, ಹಕ್ಕಳೆ ಮುಚ್ಕೊಂಡು ಕಾಪಾಡಿತ್ತು, ಯಾ ಅಲ್ಲಾ, ಕೆತ್ತಿದ್ದು ಯಾರಮ್ಮಾ ಇದನ್ನ? ನಮ್ಮನೇವ್ರು ಅಂದಳು, ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಸಾಬರೂ ನಕ್ಕರು, ಹಿತ್ತಾಳೆ ಹಾಕಿ ಬೆಸೆದುಕೊಟ್ಟರು.

ಸುಂಯ್ — ಮತ್ತೆ ಅದೇ, ಬಾಗಿಲಲ್ಲಿ ಗಂಡ ಮಹದೇವಸ್ವಾಮಿ, ತಲೆಯಿಂದ ಕಾಲವರೆಗೆ ಹರಳೆಣ್ಣೆ, ಸೊಂಟಕ್ಕೊಂದು ಟವಲು, ಬಿತ್ತು ಬಿತ್ತು, ಹನಿ ಬಿತ್ತು, ನನ್ ಕಿವೀಲೇ ಕೇಳ್ದೆ! ಅವಳ ಬಾಯಿ ತಾನೇ ಹೇಳಿತು, ಬಗ್ಗಿ ನೋಡ್ರಿ ಮತ್ತೆ, ನೋಡೇಬಿಡೋಣ. ಅವರು ಬಗ್ಗಿದರು, ಕಾಣಲಿಲ್ಲ, ಮಂಡಿಯೂರಿದರು, ಕಾಣಲಿಲ್ಲ, ಕೊನೆಗೆ ಕೈಯೂರಿ ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿ ಕೆನ್ನೆಯನ್ನು ನೆಲಕ್ಕೆ ಒತ್ತಿ ಒಲೆಬಾಯಿಯೊಳಗೆ ಇಣುಕಿದರು, ಅವಳು ಉರಿ ಹಿಂದಕ್ಕೆಳೆದಳು, ತಳ ಒಣಗಿದೆ, ಬೂದಿ ಒಣಗಿದೆ, ಸದ್ದು ಮೇಲಿನದು, ನೀರಿನದು, ಕಾದು ಹಾಡುತ್ತಿರುವುದು! ಇಲ್ವಲ್ಲೇ, ಅಂದರು ನೆಲದಿಂದಲೇ, ಸರಿಯಾಗಿ ನೋಡಿ ಅಂದಳು, ಇಲ್ಲ ಕಣೇ, ಇನ್ನೊಂದ್ಸಲ ನೋಡ್ಬುಡಿ, ಇಲ್ಲ ಅಂದೆನಲ್ಲ — ಗೆದ್ದೆ, ಗೆದ್ದೆ ಕಣ್ರೀ, ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿದೆ, ಏಳಿ ಅನ್ನಬೇಕು, ನೀರು ಹದವಾಗಿದೆ ಅನ್ನಬೇಕು, ಅನ್ನುವುದಕ್ಕೆ ಮನಸ್ಸು ಬರುತ್ತಿಲ್ಲ, ಎಷ್ಟು ನೋಡಿದರೂ ಸಾಲದು, ತಾಲ್ಲೂಕು ಕಚೇರಿಯ ಮಹದೇವಸ್ವಾಮಿಯವರು, ಹಬ್ಬದ ಬೆಳಗಿನಲ್ಲಿ, ಎಣ್ಣೆ ಬೆನ್ನು ಬೆಂಕಿಗೆ ಹೊಳೆಯುತ್ತ, ಹಂಡೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದಿದ್ದಾರೆ, ಅಡ್ಡಬಿದ್ದೇ ಇದ್ದಾರೆ.